ನರಸಾಪುರದ ಗೊಂಬೆಯ ಲಂಗ

ಭೀಮಾವರವನ್ನು ಬಿಟ್ಟ ರೈಲು ತೆಂಗಿನ ತೋಪು, ಬತ್ತದ ಗದ್ದೆ, ಮೀನಿನ ಕೆರೆಗಳ ನಡುವೆ ಸಾಗಿ, ಪಾಲಕೊಲ್ಲನ್ನು ದಾಟಿ ನರಸಾಪುರವನ್ನು ಸೇರುತ್ತದೆ. ಊರಿನ ಮಗ್ಗುಲಲ್ಲಿಯೇ ಗೋದಾವರಿಯ ವಸಿಷ್ಠ ಶಾಖೆ ಹರಿಯುತ್ತದೆ. ಇಲ್ಲಿಗೆ ಬರುವ ಯಾತ್ರಿಕರಲ್ಲಿ ಅನೇಕರು ಆ ನದಿಯನ್ನು ದಾಟಿ ಅಂತರ್ವೇದಿಯ ನರಸಿಂಹನ ದರ್ಶನಕ್ಕೆ ಹೋಗುವವರು. ನಾನು ಬಂದುದಾದರೋ ದಾರದ ಕೆಲಸವನ್ನು ನೋಡಲು.

ಕ್ರೋಶಾ ಹೆಣಿಗೆ ನಮ್ಮವರಿಗೆ ಹೊಸದಲ್ಲ. ಬಾಗಿಲಿನ ತೋರಣ, ಮೇಜಿನ ಹೊದಿಕೆಗಳನ್ನು ಹೆಣೆಯುವ ತಾಯಂದಿರನ್ನು ಕನ್ನಡನಾಡಿನ ಮನೆಗಳಲ್ಲಿಯೂ ಕಾಣುತ್ತೇವೆ. ಆದರೆ ನಮ್ಮಲ್ಲಿ ಬಿಡುವಿನ ಹವ್ಯಾಸವಾದುದು ಇಲ್ಲಿ ಹೊಟ್ಟೆಯ ಪಾಡು. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಬಡ ಹೆಂಗಸರಿಗೆ ಕಲಿಸಿದ ಈ ವಿದ್ಯೆ ಸುತ್ತಣ ಹಳ್ಳಿಗಳಿಗೆಲ್ಲ ಹಬ್ಬಿ, ಕಡಲಾಚೆಯ ದೇಶಗಳಿಗೆ ಸರಕನ್ನು ಕಳುಹಿಸುವ ಉದ್ಯಮವಾಯಿತು. 2024ರಲ್ಲಿ ನರಸಾಪುರದ ಕ್ರೋಶಾ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಹಳ್ಳಿಯೊಂದರ ಜಗುಲಿಯ ಮೇಲೆ ಹೆಣೆಯುತ್ತಿದ್ದ ವೃದ್ಧೆಯೊಬ್ಬರನ್ನು, "ಅಮ್ಮಾ, ಒಂದು ಪುಟ್ಟ ಗೊಂಬೆಯನ್ನು ಮಾಡಿಕೊಡುವಿರಾ? ಅದರ ಬಟ್ಟೆಯನ್ನು ಮಗು ತೆಗೆದು ತೊಡಿಸುವಂತಿರಬೇಕು" ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿದೆ. ಆಕೆ ನಕ್ಕು ಒಪ್ಪಿಕೊಂಡರು.

ಕೆಲಸ ತೊಡಗಿದ್ದು ತಲೆಯಿಂದ. ದಾರದ ಒಂದು ಕುಣಿಕೆಯಲ್ಲಿ ಆರು ಗಂಟು. ಮುಂದಿನ ಸುತ್ತಿಗೆ ಹನ್ನೆರಡು, ಅದರ ಮುಂದಿನದಕ್ಕೆ ಹದಿನೆಂಟು. ಸುತ್ತಿಗೆ ಆರರಂತೆ ಏರಿಸುತ್ತ ಹೋದರೆ ಚಪ್ಪಟೆಯಾದ ಬಿಲ್ಲೆ. ಏರಿಸುವುದನ್ನು ನಿಲ್ಲಿಸಿದೊಡನೆ ಬಟ್ಟಲಿನ ಗೋಡೆ ಏಳುತ್ತದೆ. ಇಳಿಸತೊಡಗಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚುವ ಮೊದಲೇ ಹತ್ತಿಯನ್ನು ತುಂಬಬೇಕು. ಕಸೂತಿಯ ಅಂದವಿರುವುದು ಅದರ ಕಂಡಿಗಳಲ್ಲಿ. ಗೊಂಬೆಯ ಮೈಯಲ್ಲಿ ಕಂಡಿ ಬಿಟ್ಟರೆ ಹತ್ತಿ ಹೊರಗೆ ಇಣುಕುತ್ತದೆ. ಆದುದರಿಂದ ಆಕೆ ಸಣ್ಣ ಕೊಕ್ಕೆಯ ಕಡ್ಡಿಯನ್ನು ಹಿಡಿದು, ದಾರವನ್ನು ಬಿಗಿದು ಹೆಣೆದರು.

ಕಂಡಿಗಳ ವೈಭವವೆಲ್ಲ ಉಡುಪಿಗೆ ಮೀಸಲಾಯಿತು. ಗೋದಾವರಿ ಸೀಮೆಯ ಹುಡುಗಿಯಂತೆ ಲಂಗ, ರವಿಕೆ, ಓಣಿ. ಸೊಂಟದ ಸುತ್ತಳತೆಗಿಂತ ಕೊಂಚ ಉದ್ದನೆಯ ಸರಪಳಿಯಿಂದ ಲಂಗ ಹುಟ್ಟಿ, ಕೆಳಗಿಳಿದಂತೆ ನೆರಿಗೆಯಾಗಿ ಅರಳಿತು. ಇಂತಹ ಗೊಂಬೆಗಳಿಗೆ ಮೈಗಿಂತ ತಲೆ ದೊಡ್ಡದು. ರವಿಕೆ ತಲೆಯ ಮೇಲಿಂದ ಇಳಿಯದು. ಬೆನ್ನನ್ನು ಸೀಳಿ ಬಿಟ್ಟು ಒಂದು ಗುಂಡಿಯನ್ನು ಹಚ್ಚಿದರು. ಮಗುವಿನ ಬೆರಳಿಗೆ ಸಿಗಲೆಂದು ಗುಂಡಿಯನ್ನು ತುಸು ದೊಡ್ಡದಾಗಿಯೇ ಆರಿಸಿದ್ದರು.

ಅಡುಗೆ, ನೀರು, ಮೊಮ್ಮಕ್ಕಳ ಆರೈಕೆಗಳ ನಡುವೆ ಮೂರು ದಿನ ಹಿಡಿಯಿತು. ಬೆಲೆ ಕೇಳಿದಾಗ ದಾರದ ಹಣಕ್ಕೆ ಅಲ್ಪವನ್ನು ಸೇರಿಸಿ ಹೇಳಿದರು. "ಮೂರು ದಿನದ ಕೂಲಿ?" ಎಂದೆ. "ಮನೆಯಲ್ಲಿ ಕುಳಿತು ಮಾಡಿದ್ದಕ್ಕೆ ಗಂಟೆ ಎಣಿಸುವವರು ಯಾರು, ಬಾಬು?" ಎಂದರು.

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಇದೇ ಸೀಮೆಯ ಹೆಣಿಗೆಯವರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳೂ ಈ ಮಾತೇ. ದಿನಕ್ಕೆ ಆರೆಂಟು ಗಂಟೆ ದುಡಿದರೂ ಅವರನ್ನು ಲೋಕ ಗೃಹಿಣಿಯರೆಂದೇ ಎಣಿಸಿತು, ದುಡಿಮೆಯನ್ನು ಬಿಡುವಿನ ಕೆಲಸವೆಂದು ಕರೆಯಿತು. ಆದುದರಿಂದಲೇ ಸಂಭಾವನೆ ಕನಿಷ್ಠ ಕೂಲಿಗಿಂತ ಬಹಳ ಕೆಳಗಿಳಿಯಿತೆಂದು ಆಕೆ ತೋರಿಸಿದರು. ದಾರವನ್ನು ಹಂಚಿ ಸರಕನ್ನು ಒಯ್ಯುವ ಮಧ್ಯವರ್ತಿಗಳ ಪಾಲು ಬೇರೆ.

ಸ್ವೆಟರನ್ನು ಯಂತ್ರ ಹೆಣೆಯತೊಡಗಿ ಬಹುಕಾಲವಾಯಿತು. ಕ್ರೋಶಾ ಮಾತ್ರ ಇಂದಿಗೂ ಕೈಯ ಕೆಲಸ. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ಕ್ರೋಶಾ ಗೊಂಬೆಯ ಪ್ರತಿಯೊಂದು ಗಂಟನ್ನೂ ಯಾರೋ ಎಲ್ಲಿಯೋ ಕುಳಿತು ಹಾಕಿರುತ್ತಾರೆ. ಚೌಕಾಸಿಗೆ ಬಾಯಿ ತೆರೆಯುವ ಮುನ್ನ ಓದುಗರು ಗೊಂಬೆಯ ಒಂದು ಸುತ್ತಿನ ಗಂಟುಗಳನ್ನಾದರೂ ಎಣಿಸಿ ನೋಡಲಿ.

ನಾನು ಮೂರು ದಿನದ ಕೂಲಿಯನ್ನು ಲೆಕ್ಕ ಹಾಕಿ ಕೊಟ್ಟೆ. ಆಕೆ ನೋಟುಗಳನ್ನು ಎರಡು ಬಾರಿ ಎಣಿಸಿ, ಒಳಗೆ ಹೋಗಿ, ಉಳಿದಿದ್ದ ಕೆಂಪು ದಾರದಲ್ಲಿ ಗೊಂಬೆಗೆ ಇನ್ನೊಂದು ಲಂಗವನ್ನು ಹೆಣೆಯತೊಡಗಿದರು.