ಕೊಂಬೆ ಕೊಂಬೆಯನ್ನೂ ಕಾಣುವ ಬಗೆ

ನಮ್ಮ ಶಾಲೆಯ ಹಳೆಯ ಸಂಚಿಕೆಗಳು ಹಳದಿಗಟ್ಟಿ, ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿವೆ. ಕೆಲವಕ್ಕೆ ಇನ್ನೊಂದು ಪ್ರತಿಯೇ ಇಲ್ಲ. ಅವುಗಳ ಪುಟಗಳನ್ನು ಚಿತ್ರಗಳಾಗಿಸಿ ಗಣಕಯಂತ್ರದಲ್ಲಿ ಇರಿಸಿದುದಾಯಿತು. ಯಂತ್ರವೂ ಕೆಡುವುದುಂಟಷ್ಟೆ. ಆದುದರಿಂದ ಇನ್ನೊಂದು ಡಿಸ್ಕಿನಲ್ಲಿ ಮರುಪ್ರತಿಯನ್ನು ಕಾಪಿಡಲು ನಾವು ಪೈಥಾನ್ ಭಾಷೆಯಲ್ಲಿ ಒಂದು ಕಿರಿಯ ಪ್ರೋಗ್ರಾಮನ್ನು ಬರೆಯಲು ತೊಡಗಿದೆವು. ಆಗ ಹೊಳೆದ ಕೆಲವು ಸಂಗತಿಗಳನ್ನು ವಿದ್ಯಾರ್ಥಿ ಮಿತ್ರರಿಗೆ ತಿಳಿಸಬಯಸುತ್ತೇವೆ.

ಗಣಕದಲ್ಲಿ ಕಡತಗಳು ಫೋಲ್ಡರುಗಳಲ್ಲಿರುತ್ತವೆ. ಫೋಲ್ಡರಿನೊಳಗೆ ಮತ್ತೆ ಫೋಲ್ಡರುಗಳು. ಈ ಏರ್ಪಾಡನ್ನು ಮರವೆಂದು ಕರೆಯುವರು. ಅದರಲ್ಲಿ ಎಷ್ಟು ಕೊಂಬೆ, ಎಷ್ಟು ಆಳ ಎಂಬುದು ಪ್ರೋಗ್ರಾಮು ಬರೆಯುವವನಿಗೆ ಮೊದಲೇ ತಿಳಿಯದು. ಹಾಗಿರುವಾಗ ಒಂದನ್ನೂ ಬಿಡದೆ ನೋಡುವುದೆಂತು? ಒಂದೇ ಸೂತ್ರ ಸಾಕು: ‘ಕಡತ ಸಿಕ್ಕಿದರೆ ಪ್ರತಿ ಮಾಡು, ಫೋಲ್ಡರು ಸಿಕ್ಕಿದರೆ ಅದರೊಳಗೂ ಇದೇ ಸೂತ್ರವನ್ನು ನಡೆಸು.’ ಸೂತ್ರವು ತನ್ನನ್ನು ತಾನೇ ಕರೆದುಕೊಳ್ಳುವ ಈ ಕ್ರಮಕ್ಕೆ ರಿಕರ್ಷನ್ ಎಂದು ಹೆಸರು. ಒಳಗೆ ಬೇರೆ ಫೋಲ್ಡರು ಇಲ್ಲದೆಡೆ ಇಳಿಯುವುದು ನಿಲ್ಲುತ್ತದೆ. ನಡಿಗೆ ಬಂದ ದಾರಿಯಲ್ಲೇ ಹಿಂದಿರುಗಿ ಮುಂದಿನ ಕೊಂಬೆಯನ್ನು ಹಿಡಿಯುತ್ತದೆ. ಊರಿನ ದೊಡ್ಡ ಮನೆಯಲ್ಲಿ ನಮ್ಮ ಅಜ್ಜಿ ರಾತ್ರಿ ದೀಪ ಹಿಡಿದು ನಡುಮನೆಯಿಂದ ಕೋಣೆಗೆ, ಕೋಣೆಯಿಂದ ಒಳಕೋಣೆಗೆ ಹೋಗಿ ಬರುತ್ತಿದ್ದುದೂ ಹೀಗೆಯೇ.

ಕೆಲವೊಮ್ಮೆ ಈ ಮರ ಆಲದ ಮರವಾಗುವುದುಂಟು. ಸಿಂಬಾಲಿಕ್ ಲಿಂಕ್ ಎಂಬುದು ಬೇರೊಂದು ಜಾಗವನ್ನು ತೋರಿಸುವ ಕೈಮರ. ಅದು ಬಿಳಲಿನಂತೆ ಇಳಿದು ಬುಡವನ್ನೇ ತೋರಿಸಿದರೆ, ನಂಬಿ ನಡೆದವನು ಸುತ್ತುತ್ತಲೇ ಇರಬೇಕಾದೀತು. ಇಂತಹ ನಡಿಗೆಗೆಂದು ಪೈಥಾನಿನಲ್ಲಿ 2003ರಿಂದ ಓಎಸ್.ವಾಕ್ ಎಂಬ ಸಿದ್ಧ ಉಪಕರಣವಿದೆ. ನಾವು ಬೇರೆಯಾಗಿ ಹೇಳದ ಹೊರತು ಅದು ಕೈಮರಗಳ ಬೆನ್ನು ಹತ್ತುವುದಿಲ್ಲ.

ಆದರೆ ಅದೇ ಉಪಕರಣದ ಇನ್ನೊಂದು ಗುಣ ನಮ್ಮನ್ನು ಚಿಂತೆಗೀಡುಮಾಡಿತು. ತೆರೆಯಲು ಅನುಮತಿಯಿಲ್ಲದ ಫೋಲ್ಡರು ಎದುರಾದರೆ ಅದು ಸದ್ದಿಲ್ಲದೆ ಮುಂದೆ ಸಾಗುತ್ತದೆ. ದೋಷವನ್ನು ತಿಳಿಸುವ ಏರ್ಪಾಡು ಅದರಲ್ಲಿ ಉಂಟು. ಆದರೆ ನಾವಾಗಿ ಕೇಳಿ ಪಡೆಯಬೇಕು. ಕೇಳದಿದ್ದರೆ ತೆರೆಯ ಮೇಲೆ ‘ಮುಗಿಯಿತು’ ಎಂಬ ಮಾತು ಮೂಡುತ್ತದೆ. ಏನು ಹೊರಗುಳಿಯಿತೆಂಬುದು ತಿಳಿಯುವುದು ಮೂಲ ಡಿಸ್ಕು ಕೆಟ್ಟ ದಿನ. ಅಂದು ತಿಳಿದು ಫಲವೇನು?

ಆದುದರಿಂದ ತೆರೆಯಲಾಗದ ಪ್ರತಿಯೊಂದು ಫೋಲ್ಡರಿನ ಹೆಸರನ್ನೂ ಒಂದು ಪಟ್ಟಿಯಲ್ಲಿ ಬರೆಯುವಂತೆ ವಿಧಿಸಿದೆವು; ಪಟ್ಟಿ ಬರಿದಾಗಿದ್ದರೆ ಮಾತ್ರ ಕೆಲಸ ಮುಗಿದಂತೆ. ಮೊದಲ ಸಲವೇ ಅದರಲ್ಲಿ ಒಂದು ಹೆಸರು ಕಾಣಿಸಿತು: ‘ಕೈಬರಹ’. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗೆ ಬರುತ್ತಿದ್ದ ಹಿಂದಿನ ವಿದ್ಯಾರ್ಥಿಗಳು ತಮ್ಮ ಕೈಯಿಂದಲೇ ಬರೆದ ಪುಟಗಳು ಅದರಲ್ಲಿದ್ದವು. ಅನುಮತಿಯನ್ನು ಸರಿಪಡಿಸಿ ಮತ್ತೆ ನಡೆಸಿದಾಗ ಅವೂ ಸುರಕ್ಷಿತವಾಗಿ ಸೇರಿಕೊಂಡವು.

ಮಿತ್ರರೇ, ಓದಿನಲ್ಲಿಯೂ ತೆರೆಯದ ಬಾಗಿಲುಗಳು ನಿಮಗೆ ಎದುರಾಗುವುವು. ಎಲ್ಲವೂ ಒಡನೆಯೇ ತೆರೆಯಬೇಕೆಂದಿಲ್ಲ. ಸದ್ದಿಲ್ಲದೆ ದಾಟಿ ಹೋಗದೆ ಅವುಗಳ ಹೆಸರನ್ನು ಬರೆದಿಟ್ಟುಕೊಳ್ಳಿರಿ. ಮರಳಿ ಬಂದು ತಟ್ಟುವುದಕ್ಕೆ ದಾರಿ ಉಳಿಯುತ್ತದೆ.