ಸ್ಯಾಕ್ಸೋಫೋನಿನ ಊರಲ್ಲಿ ಜಾಝ್

"ಮಾಮ, ಮಂಗಳೂರಲ್ಲಿ ಲೈವ್ ಜಾಝ್ ಎಲ್ಲಿ ಸಿಗುತ್ತೆ?" ಬೆಂಗಳೂರಲ್ಲಿ ಬೆಳೆದ ಅಕ್ಕನ ಮಗ ನೀರುದೋಸೆ ತಿನ್ನುತ್ತಾ ಕೇಳಿದ, ಬಂಗುಡೆ ಎಲ್ಲಿ ಸಿಗುತ್ತದೆ ಎಂದು ಕೇಳುವಷ್ಟೇ ಸಲೀಸಾಗಿ. ಇದು ಇಗರ್ಜಿಯಲ್ಲೂ ಭಜನಾ ಮಂದಿರದಲ್ಲೂ ಹಾಡುವ ಊರು ಎಂದು ಅವನ ತಲೆ ತುಂಬಿಸಿದವನು ನಾನೇ. ಅವನ ಫೋನು ಒಂದಷ್ಟು ಪಬ್ಬುಗಳನ್ನು ತೋರಿಸಿತು. ಅಲ್ಲಿ ಲೈವ್ ಎಂದರೆ ಗಿಟಾರ್ ಹಿಡಿದ ಒಬ್ಬ ಹುಡುಗ, ಪಕ್ಕದಲ್ಲಿ ಅವನಿಗಿಂತ ಹೆಚ್ಚು ದುಡಿಯುವ ಲ್ಯಾಪ್‌ಟಾಪ್. ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು ತಿಂಗಳು ತಿಂಗಳೂ ಕಾರ್ಯಕ್ರಮ ಮಾಡುತ್ತಾರೆ. ಅದು ಕೊಂಕಣಿಯ ಸೊಗಸು, ಜಾಝ್ ಅಲ್ಲ.

ಜಾಝ್ ಇಲ್ಲವೆಂದು ನನಗೇನೂ ಬೇಸರವಿಲ್ಲ. ಜಾಝಿನ ಜೀವವಾದ ಸ್ಯಾಕ್ಸೋಫೋನು ಇಷ್ಟು ಸಮೃದ್ಧವಾಗಿರುವ ಊರಲ್ಲಿ ಅದನ್ನು ಕೂತು ಕೇಳಲು ಒಂದು ಜಾಗ ಹೇಳಲಾಗಲಿಲ್ಲವಲ್ಲ, ಅದು ಕಿರಿಕಿರಿ.

ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು, ಮುಂದೆ ಅದನ್ನು ನಮ್ಮ ರಾಗಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ತಂದೆ ತನಿಯಪ್ಪ ನಾಗಸ್ವರದವರು. ಮಗ ಅದನ್ನು ಬಿಟ್ಟು ಹಿತ್ತಾಳೆಯ ಈ ಡೊಂಕು ಕೊಳವೆಗೆ ಮರುಳಾದರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರರ ಬಳಿ ಪಾಠ. ಕಷ್ಟ ಇದ್ದದ್ದು ವಾದ್ಯದ ಸ್ವಭಾವದಲ್ಲೇ. ಅದರ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುತ್ತವೆ. ನಮ್ಮ ರಾಗಕ್ಕೋ ಒಂದರಿಂದ ಇನ್ನೊಂದಕ್ಕೆ ಜಾರಬೇಕು, ತೂಗಬೇಕು. ಗೋಪಾಲನಾಥರು ವರ್ಷಗಟ್ಟಲೆ ತುಟಿ, ಉಸಿರು ಪಳಗಿಸಿ, ಕೀಲಿಗಳನ್ನೂ ಒಂದಿಷ್ಟು ತಿದ್ದಿ ಅದರಿಂದ ಗಮಕ ಹೊರಡಿಸಿದರು.

1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರು ನುಡಿಸುವುದನ್ನು ಕೇಳಿದ ಕ್ಯಾಲಿಫೋರ್ನಿಯಾದ ಜಾಝ್ ವಾದಕ ಜಾನ್ ಹ್ಯಾಂಡಿ, ನಾನೂ ಜೊತೆಗೆ ಊದಲೇ ಎಂದು ಕೇಳಿ ವೇದಿಕೆ ಹತ್ತಿದರಂತೆ. ಜಾಝಿನವರೇ ಕದ್ರಿಯವರನ್ನು ಹುಡುಕಿಕೊಂಡು ಬಂದದ್ದು! 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ ಕರೆಯಿತು. ಹೀಗೆ ಹುಡುಕಿಕೊಂಡು ಬಂದ ಇನ್ನೊಬ್ಬ ಭೂಪ ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೆ ದಾವಣಗೆರೆ ಕಡೆಯವನೆನಿಸುವ, ಅಮೆರಿಕದಲ್ಲಿ ಬೆಳೆದ ಈ ಜಾಝ್ ವಾದಕನಿಗೆ ಅಣ್ಣ ತಮಾಷೆಗೆಂದು ಕೊಟ್ಟ ಭಾರತೀಯ ಸ್ಯಾಕ್ಸೋಫೋನಿನ ಆಲ್ಬಮ್ ಕದ್ರಿಯವರದಾಗಿತ್ತು. ತಮಾಷೆ ತಲೆಗೇರಿತು. ಇಬ್ಬರೂ ಸೇರಿ ನುಡಿಸಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು. ವಿದುಷಿ ಕನ್ಯಾಕುಮಾರಿಯವರ ಪಿಟೀಲೂ ಇದೆ ಅದರಲ್ಲಿ. ಎರಡು ಸ್ಯಾಕ್ಸೋಫೋನುಗಳಲ್ಲಿ ಯಾವುದು ರಾಗದ ಮನೆಯದು, ಯಾವುದು ಜಾಝಿನದು ಎಂದು ಕೆಲವೆಡೆ ಕಿವಿಗೊಟ್ಟು ಗುರುತಿಸಬೇಕು. ಮಂಗಳೂರಿನ ಜಾಝ್ ಕೇಳಬೇಕೆಂದರೆ ನನ್ನ ಮಟ್ಟಿಗೆ ಅದೇ.

ಊರಿನಲ್ಲಿ ಆದದ್ದು ಬೇರೆ. ನಾಗಸ್ವರದ ಜಾಗಕ್ಕೆ ಸ್ಯಾಕ್ಸೋಫೋನು ಬಂದು ಕೂತಿತು. ದೇವರ ಬಲಿಯಲ್ಲಿ ಅದು, ದೈವದ ನೇಮದಲ್ಲಿ ಅದು, ಧಾರೆಯ ಹೊತ್ತಿಗೂ ಅದೇ. ದೀಪಾವಳಿ ಕಳೆದ ಮೇಲೆ ಸುತ್ತಲಿನ ಯಾವ ಊರಿಗೆ ಹೋದರೂ ರಾತ್ರಿ ಅದರ ದನಿ ಕಿವಿಗೆ ಬಿದ್ದೀತು. ಮೇ ಕೊನೆಯ ಪತ್ತನಾಜೆಗೆ ನೇಮ, ಜಾತ್ರೆಗಳಿಗೆ ತೆರೆ. ನಮ್ಮ ಹುಡುಗ ಬಂದದ್ದು ಆಟಿ ತಿಂಗಳಲ್ಲಿ. ಮದುವೆಯೂ ಇಲ್ಲ, ಮಳೆ ಬೇರೆ.

ಮದುವೆ ಇದ್ದಿದ್ದರೂ ಏನು? ಮದುವೆ ಹಾಲ್‌ನಲ್ಲಿ ಊದುವವರು ಬೆಳಗ್ಗಿನಿಂದ ನುಡಿಸುತ್ತಿರುತ್ತಾರೆ, ನಾವು ಐಸ್‌ಕ್ರೀಮ್ ಎಲ್ಲಿಟ್ಟಿದ್ದಾರೆ ಎಂದು ನೋಡುತ್ತಿರುತ್ತೇವೆ. ಒಳ್ಳೆಯ ಮೋಹನ ಏರುತ್ತಿರುವಾಗಲೇ ಯಾರೋ ಓಡಿ ಬಂದು "ಗಟ್ಟಿಮೇಳ, ಗಟ್ಟಿಮೇಳ" ಎನ್ನುತ್ತಾರೆ. ರಾಗ ಅಲ್ಲಿಗೇ ತುಂಡಾಗುತ್ತದೆ, ಊದುವವನ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ರೂಢಿ ಮಾರಾಯ್ರೆ. ಚಪ್ಪಾಳೆ ಎಂಬುದು ಅವರ ಲೆಕ್ಕಕ್ಕೇ ಇಲ್ಲ, ಅದೆಲ್ಲ ಮದುಮಕ್ಕಳಿಗೆ.

ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ಇದೇ ಊರಲ್ಲಿ ತೀರಿಕೊಂಡರು. ಅವರ ಹೆಸರಿಗಂಟಿದ ಕದ್ರಿಯ ಪಾರ್ಕಿನಲ್ಲಿ ನೀರು ಕುಣಿಯಲೆಂದು ಸಂಗೀತ ಕಾರಂಜಿ ಕಟ್ಟಿಸಿದ್ದಾರೆ. ಸ್ಯಾಕ್ಸೋಫೋನಿಗೆ ಮಾತ್ರ ಯಾರದಾದರೂ ಮದುವೆಯೇ ಆಗಬೇಕು.