ಚೀಟಿ ದುಡ್ಡಿನ ಕಂಪ್ಯೂಟರು

ಸೀರೆ ಕೊಳ್ಳುವಾಗ ಸೆರಗು, ಒಡಲು, ಅಂಚು ಮೂರನ್ನೂ ತಿರುವಿ ನೋಡದೆ ದುಡ್ಡು ಎಣಿಸುವವರಲ್ಲ ನಾವು. ತರಕಾರಿಯವನ ಗಾಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ. ಆದರೆ ಹತ್ತು ಸೀರೆಯ ಬೆಲೆಯ ಕಂಪ್ಯೂಟರನ್ನು ಮಾತ್ರ "ಒಳ್ಳೇದು ನೋಡಿ ಕೊಡಪ್ಪಾ, ಮಕ್ಕಳು ಓದೋದಕ್ಕೆ" ಎಂದು ಹೇಳಿ ಕೈಮುಗಿದು ತಂದುಬಿಡುತ್ತೇವೆ. ಒಳ್ಳೆಯದು ಎಂದರೆ ಯಾರಿಗೆ ಒಳ್ಳೆಯದು? ಅಂಗಡಿಯವನಿಗೂ ಹೆಂಡತಿ ಮಕ್ಕಳಿದ್ದಾರಲ್ಲ! ಡಬ್ಬದೊಳಗೆ ಏನಿದೆ ಎಂದು ಕೇಳಲು ನಮಗೆ ಸಂಕೋಚ, ಹೇಳಲು ಅವನಿಗೆ ಪುರುಸೊತ್ತಿಲ್ಲ.

ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು. ಕಂಪ್ಯೂಟರ್ ತಜ್ಞೆ ಖಂಡಿತ ಅಲ್ಲ. 2025ರ ಮೇ ತಿಂಗಳಲ್ಲಿ ಮಗಳು ದ್ವಿತೀಯ ಪಿಯುಸಿಗೆ, ಮಗ ಒಂಬತ್ತನೇ ತರಗತಿಗೆ ಕಾಲಿಡುತ್ತಿದ್ದರು. ತಿಂಗಳಿಗೆ 2,000ದಂತೆ 20 ತಿಂಗಳ ಚೀಟಿ ಹಾಕಿದ್ದೆ. ನಡುವೆ ಕೂಗದೆ ಕೊನೆಯವರೆಗೂ ಕಾದದ್ದರಿಂದ ಪೂರ್ತಿ 40,000 ಕೈಗೆ ಬಂತು. ನಿಜ ಹೇಳಬೇಕೆಂದರೆ ಆ ದುಡ್ಡು ಕಂಪ್ಯೂಟರಿಗೆ ಎಂದು ಕೂಡಿಟ್ಟದ್ದಲ್ಲ. ಅಡುಗೆಮನೆಯ ತಾರಸಿ ಎರಡು ಮಳೆಗಾಲದಿಂದ ಸೋರುತ್ತಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂದು ಎತ್ತಿಟ್ಟ ಹಣ ಅದು.

ಆದರೆ ಮಗಳಿಗೆ ಎಂಜಿನಿಯರಿಂಗ್ ಓದುವ ಆಸೆ. ಜೆಇಇ ಮೇನ್ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆ ಕುಳಿತೇ ಬರೆಯಬೇಕು. ಇವಳು ಅದರ ಮಾದರಿ ಪರೀಕ್ಷೆಗಳನ್ನು ಅಂಗೈ ಅಗಲದ ಫೋನಿನಲ್ಲಿ, ಲೆಕ್ಕದ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಬರೆಯುತ್ತಿದ್ದಳು. ಪೈಥಾನ್ ಪಾಠವನ್ನೂ ಅದರಲ್ಲೇ ಕಲಿಯುವ ಪ್ರಯತ್ನ. ನೋಡಲಾಗದೆ ನಮ್ಮ ಯಜಮಾನರು, "ಇನ್ನೊಂದು ಮಳೆಗಾಲ ಬಕೆಟ್ ಇಟ್ಟು ಕಳೆಯೋಣ ಬಿಡು" ಎಂದರು. ಹಾಗಾಗಿ 40,000ದ ಮೇಲೆ ಒಂದು ರೂಪಾಯಿಯೂ ಇಲ್ಲ, ಉಳಿದರೆ ತಾರಸಿಗೆ ಎಂಬ ತೀರ್ಮಾನವಾಯಿತು.

ಲ್ಯಾಪ್‌ಟಾಪ್ ಏಕೆ ಬೇಡವೆಂದಿರಿ ಎಂದು ಬಹಳ ಮಂದಿ ಕೇಳುತ್ತಾರೆ. ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ಲ್ಯಾಪ್‌ಟಾಪೇ ಸರಿ. ನಮ್ಮದು ನಾಲ್ವರೂ ಬಳಸಬೇಕಾದ, ನಡುಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕಾದ ಯಂತ್ರ. ಅಲ್ಲದೆ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಬಾರಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಡೆಸ್ಕ್‌ಟಾಪಿನಲ್ಲಿ ಕೆಟ್ಟ ಭಾಗವನ್ನು ಮಾತ್ರ ಬದಲಾಯಿಸಬಹುದು, ಬೇಕಾದ್ದನ್ನು ಆಮೇಲೆ ಸೇರಿಸಬಹುದು. ಅದೇ ದುಡ್ಡಿಗೆ ದೊಡ್ಡ ಪರದೆಯೂ ಬರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿದೆ. ಮನೆಯವರೆಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟು, ಈ ಕಂಪ್ಯೂಟರಿನಲ್ಲಿ ನೀವು ಏನೇನು ಮಾಡುತ್ತೀರಿ ಎಂದು ಬರೆಯಿರಿ ಅಂದೆ. ಮಗಳು ಮಾದರಿ ಪರೀಕ್ಷೆ, ಪ್ರೋಗ್ರಾಮಿಂಗ್, ಪಾಠದ ವಿಡಿಯೊ ಎಂದು ಬರೆದಳು. ಯಜಮಾನರದು ಪಹಣಿ, ಕರೆಂಟ್ ಬಿಲ್ಲು, ಹಳೆಯ ಹಾಡು. ನನ್ನದು ಕನ್ನಡದಲ್ಲಿ ಪ್ರಶ್ನೆಪತ್ರಿಕೆ, ಅಂಕಪಟ್ಟಿ. ಮಗ "ಪ್ರಾಜೆಕ್ಟ್ ವರ್ಕ್" ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ "ಗೇಮ್ಸ್" ಎಂದು ಸೇರಿಸಿದ್ದ. ನಾಲ್ಕೂ ಹಾಳೆಗಳನ್ನು ಎದುರಿಗಿಟ್ಟುಕೊಂಡರೆ ಒಂದು ಮಾತು ಸ್ಪಷ್ಟವಾಯಿತು. ಆ ಸಣ್ಣ ಅಕ್ಷರವೊಂದನ್ನು ಬಿಟ್ಟರೆ ಯಾವ ಕೆಲಸಕ್ಕೂ ದುಬಾರಿ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ. ಮಗನ ಮುಖ ಊದಿಕೊಂಡಿತು. ಅದಕ್ಕೊಂದು ದಾರಿಯನ್ನು ಆಮೇಲೆ ಹೇಳುತ್ತೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ನೀವು ನೋಡಿರಬಹುದು. ಮೆಜೆಸ್ಟಿಕ್‌ನಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ದಾಟಿ ಚಿಕ್ಕಪೇಟೆಯಲ್ಲಿ ಇಳಿದು ನಡೆದರೆ ಸಿಗುತ್ತದೆ. ಇಕ್ಕಟ್ಟಿನ ರಸ್ತೆ, ಮೆಟ್ಟಿಲ ಕೆಳಗೂ ಅಂಗಡಿ. ನಾನು, ಮಗಳು, ಮಗ ಮೂವರೂ ಬೆಳಗಿನ ರೈಲಿಗೆ ಹೊರಟೆವು.

ಮೊದಲ ಅಂಗಡಿಯಲ್ಲೇ ಪರೀಕ್ಷೆ ಎದುರಾಯಿತು. "ಮೇಡಂ, ಐ-ಫೈವ್ ಇದೆ, ಮಾನಿಟರ್ ಸೇರಿ ಹದಿನಾಲ್ಕು ಸಾವಿರ. ಹೊಸ ಐ-ತ್ರೀಗೆ ಯಾಕೆ ಅಷ್ಟು ದುಡ್ಡು ಹಾಕ್ತೀರಾ?" ಎಂದ. ನನ್ನ ಎದೆ ಡವಗುಟ್ಟಿತು. 40ರಲ್ಲಿ 14 ಹೋದರೆ 26 ಸಾವಿರ! ಕಂಪ್ಯೂಟರೂ ಬಂತು, ತಾರಸಿಯೂ ಆಯಿತು. ಐದು ಮೂರಕ್ಕಿಂತ ದೊಡ್ಡದೆಂದು ಗಣಿತದವಳಿಗೆ ಬೇರೆ ಹೇಳಬೇಕೇ?

ಮಗಳು ಡಬ್ಬದ ಮೇಲಿನ ಚೀಟಿ ಓದಿ ನನ್ನ ಸೆರಗು ಜಗ್ಗಿದಳು. "ಅಮ್ಮಾ, ಐ5-3470 ಅಂತಿದೆ. ಮೂರನೇ ಪೀಳಿಗೆದು. 2012ರದ್ದು."

ಈ ಸಂಖ್ಯೆಯ ಗುಟ್ಟನ್ನು ಪ್ರತಿ ತಂದೆ ತಾಯಿಯೂ ತಿಳಿದುಕೊಳ್ಳಬೇಕು. ಇಂಟೆಲ್‌ನ ಐ3, ಐ5 ಚಿಪ್‌ಗಳಲ್ಲಿ ಅಡ್ಡಗೆರೆಯ ನಂತರದ ಮೊದಲ ಅಂಕೆಗಳು ಪೀಳಿಗೆಯನ್ನು ಹೇಳುತ್ತವೆ. 3470 ಎಂದರೆ ಮೂರನೆಯದು, 12100 ಎಂದರೆ ಹನ್ನೆರಡನೆಯದು. 2022ರಲ್ಲಿ ಬಂದ ಐ3-12100ರಲ್ಲಿ ನಾಲ್ಕು ಕೋರುಗಳು, ಎಂಟು ಥ್ರೆಡ್‌ಗಳು. ಆ ಹಳೆಯ ಐ5ರಲ್ಲಿ ನಾಲ್ಕು ಕೋರಿಗೆ ನಾಲ್ಕೇ ಥ್ರೆಡ್. ವೇಗದಲ್ಲಿ ಹತ್ತು ವರ್ಷದ ಚಿಕ್ಕ ತಮ್ಮನೇ ಎಷ್ಟೋ ಮುಂದೆ. ಇನ್ನೂ ಒಂದು ತೊಡಕಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಆಗಲೇ ಗೊತ್ತಿತ್ತು, ಮುಗಿಯಿತು ಕೂಡ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು; ಇಂಟೆಲ್ ಚಿಪ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ಯಾರದೋ ಕಚೇರಿಯಲ್ಲಿ ಹತ್ತು ವರ್ಷ ದುಡಿದು ನಿವೃತ್ತಿಯಾದ ಯಂತ್ರವನ್ನು ಇನ್ನೂ ಐದು ವರ್ಷ ಓದಬೇಕಾದ ಹುಡುಗಿಗೆ ಕಟ್ಟುವುದು ಹೇಗೆ? ತೀರಾ ಕೈಕಟ್ಟಿದ ಮನೆಗೆ ಹಳೆಯ ಯಂತ್ರ ತಪ್ಪಲ್ಲ. ಆದರೆ ಎಂಟನೇ ಪೀಳಿಗೆಗಿಂತ ಹಳೆಯದನ್ನು ಮುಟ್ಟಬೇಡಿ, ಮುಟ್ಟಿದರೆ ಲಿನಕ್ಸ್ ಹಾಕಿಸಿಕೊಳ್ಳುವ ಮನಸ್ಸು ಮಾಡಿ. ತಾರಸಿಯನ್ನು ನೆನೆಯುತ್ತಲೇ ಆ ಅಂಗಡಿಯ ಮೆಟ್ಟಿಲಿಳಿದೆ.

ಇನ್ನೊಂದು ಅಂಗಡಿಯಲ್ಲಿ ಐ3-12100 ಕೇಳಿದರೆ ಐ3-12100ಎಫ್ ತೋರಿಸಿದರು. "ಅದೇ ಮೇಡಂ, ಸಾವಿರ ಚಿಲ್ಲರೆ ಕಮ್ಮಿ." ಅದೇ ಅಲ್ಲ! ಕೊನೆಯ ಆ ಒಂದು ಅಕ್ಷರಕ್ಕೆ ಚಿಪ್ಪಿನಲ್ಲಿ ಚಿತ್ರ ಮೂಡಿಸುವ ಭಾಗ ಇಲ್ಲವೆಂದು ಅರ್ಥ. ಅದನ್ನು ಕೊಂಡರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಹಾಕುವವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ. ಸಾವಿರ ಉಳಿಸಲು ಹೋಗಿ ಹಲವು ಸಾವಿರ ಕಳೆಯುವ ದಾರಿ. ಎಎಂಡಿ ಕಡೆಯ ರೈಜನ್ 5000 ಸರಣಿಯಲ್ಲಿ ಲೆಕ್ಕ ಹೀಗಿದೆ: 5600ಜಿ ಎಂದರೆ ಚಿತ್ರ ಉಂಟು, ಜಿ ಇಲ್ಲದ 5600ರಲ್ಲಿ ಇಲ್ಲ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಅರ್ಥ ಕೆಡುವಂತೆ ಇಲ್ಲಿಯೂ ಒಂದಕ್ಷರದಲ್ಲಿ ಎಲ್ಲ ಕೆಡುತ್ತದೆ.

ಉಳಿದ ಭಾಗಗಳನ್ನು ನಾನು ಅರ್ಥ ಮಾಡಿಕೊಂಡದ್ದು ಅಡುಗೆಮನೆಯ ಲೆಕ್ಕದಲ್ಲಿ. ಪ್ರೊಸೆಸರ್ ಅಡುಗೆಯವಳು. ರ‍್ಯಾಮ್ ಅವಳ ಮುಂದಿನ ಕಟ್ಟೆ. ಡಿಸ್ಕು ಉಗ್ರಾಣ. ಕಟ್ಟೆ ಕಿರಿದಾದರೆ ಎಷ್ಟು ಚುರುಕಿನವಳಾದರೂ ಪಾತ್ರೆಗಳನ್ನು ಎತ್ತಿಡುವುದರಲ್ಲೇ ಹೊತ್ತು ಹೋಗುತ್ತದೆ. ಚಿತ್ರದ ಕೆಲಸವೂ ಇದೇ ಕಟ್ಟೆಯಲ್ಲಿ ಸ್ವಲ್ಪ ಜಾಗ ಕೇಳುವುದರಿಂದ 16 ಜಿಬಿ ತೆಗೆದುಕೊಂಡೆವು. ಅದನ್ನೂ 8ರ ಎರಡು ಪಟ್ಟಿಗಳಾಗಿ, ಯಾಕೆಂದರೆ ಜೋಡಿ ಇದ್ದರೆ ಎರಡು ಬಾಗಿಲಿನಲ್ಲಿ ಸಾಮಾನು ಸಾಗಿದಂತೆ ವೇಗ ಹೆಚ್ಚು. ಉಗ್ರಾಣಕ್ಕೆ ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಬೇಡವೆಂದು 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಆರಿಸಿದೆವು. ತಿರುಗುವ ತಟ್ಟೆ ಇಲ್ಲ, ಗರಗರ ಸದ್ದಿಲ್ಲ. ಗುಂಡಿ ಒತ್ತಿ ಕಾಫಿಗೆ ಹೋಗಿ ಬರುವ ಕಾಲ ಮುಗಿಯಿತು.

ಮದರ್‌ಬೋರ್ಡು ಎಚ್610, ಸಾಧಾರಣದ್ದು. ಎಲ್ಲರೂ ಅಸಡ್ಡೆ ಮಾಡುವುದು ಎಸ್‌ಎಂಪಿಎಸ್ ಅನ್ನು. "ಕ್ಯಾಬಿನೆಟ್ ಜೊತೆ ಫ್ರೀ ಬರುತ್ತೆ" ಎನ್ನುತ್ತಾರೆ. 230 ವೋಲ್ಟ್ ಕರೆಂಟನ್ನು ಪಳಗಿಸಿ ಉಳಿದೆಲ್ಲ ಭಾಗಗಳಿಗೆ ಉಣಿಸುವುದು ಅದೇ. ಅದು ಕೆಟ್ಟರೆ ತಾನೊಂದೇ ಹೋಗದೆ ಜೊತೆಗಿದ್ದವರನ್ನೂ ಕರೆದುಕೊಂಡು ಹೋಗಬಹುದು. ಫ್ರೀ ಬೇಡವೆಂದು, '80 ಪ್ಲಸ್' ಗುರುತಿರುವ 450 ವ್ಯಾಟಿನದನ್ನು ಬೇರೆಯಾಗಿ ಕೊಂಡೆವು. ನಮ್ಮ ಯಂತ್ರಕ್ಕೆ ಅಷ್ಟು ಬೇಕಿಲ್ಲ. ಆದರೆ ಮುಂದೊಂದು ದಿನ ಬೋರ್ಡಿನ ಸ್ಲಾಟಿನಿಂದಲೇ 75 ವ್ಯಾಟಿನೊಳಗೆ ಓಡುವ ಸಣ್ಣ ಗ್ರಾಫಿಕ್ಸ್ ಕಾರ್ಡು ಹಾಕಲು ಜಾಗವೂ ಶಕ್ತಿಯೂ ಉಳಿದಿರುತ್ತದೆ. ಮಗನಿಗೆ ತೋರಿಸಿದ ದಾರಿ ಇದೇ. ಅಂದಿನಿಂದ ಅವನ ಡಬ್ಬಿಯಲ್ಲಿ ಹಬ್ಬದ ಕಾಸು ಬೀಳುತ್ತಿದೆ.

ಬಣ್ಣಬಣ್ಣದ ದೀಪ ಉರಿಯುವ ಕ್ಯಾಬಿನೆಟ್ಟಿನ ಮುಂದೆ ಅವನು ತುಂಬ ಹೊತ್ತು ನಿಂತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗದರಿಸದೆ, ಆ ದೀಪದ ಬೆಲೆ ಯುಪಿಎಸ್ ಬೆಲೆಯ ಎಷ್ಟು ಭಾಗವೆಂದು ಅವನಿಂದಲೇ ಲೆಕ್ಕ ಮಾಡಿಸಿದೆ. ಅವನೇ ಗಾಳಿಯಾಡುವ ಸಾದಾ ಕ್ಯಾಬಿನೆಟ್ಟನ್ನು ಎತ್ತಿಕೊಂಡ.

ಭಾಗಗಳನ್ನು ಜೋಡಿಸುವಾಗ ಅಂಗಡಿಯ ಹುಡುಗ ಮಗಳ ಕೈಗೆ ರ‍್ಯಾಮ್ ಪಟ್ಟಿ ಕೊಟ್ಟು, "ನೀವೇ ಹಾಕಿ ಮೇಡಂ, ಕ್ಲಿಕ್ ಅನ್ನೋವರೆಗೂ ಒತ್ತಿ" ಅಂದ. ಅವಳು ಉಸಿರು ಬಿಗಿಹಿಡಿದು ಒತ್ತಿದಳು. ಕ್ಲಿಕ್ ಎಂದಿತು. ಇದುವರೆಗೆ ಬಳಸಿದ ಫೋನುಗಳಲ್ಲಿ ಒಂದನ್ನಾದರೂ ಬಿಚ್ಚಿ ನೋಡದ ಮಗಳಿಗೆ, ಇದೂ ಮನುಷ್ಯರು ಜೋಡಿಸುವ ವಸ್ತು ಎಂಬುದು ಅಂದು ಕೈಗೆ ತಿಳಿಯಿತು. ಬರೀ ಆ ಕ್ಲಿಕ್ಕಿಗಾಗಿಯೇ ಮಕ್ಕಳನ್ನು ಅಂಗಡಿಗೆ ಕರೆದೊಯ್ಯಿರಿ ಎನ್ನುತ್ತೇನೆ.

ಬಿಲ್ಲಿನ ಹೊತ್ತಿಗೆ ಇನ್ನೆರಡು ಆಮಿಷಗಳು ಬಂದವು. ಬಿಲ್ ಬೇಡವೆಂದರೆ ಒಂದಿಷ್ಟು ಕಡಿಮೆ, ಮತ್ತು ವಿಂಡೋಸ್ "ಫ್ರೀ". ಬಿಲ್ಲಿಲ್ಲದ ವಾರಂಟಿ ಸಾಕ್ಷಿಯಿಲ್ಲದ ಸಾಲದಂತೆ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ ಮೂರು ವರ್ಷದ ವಾರಂಟಿ ಇರುತ್ತದೆ. ಅದನ್ನು ಬಿಡುವುದೇಕೆ? ಪ್ರತಿ ಭಾಗದ ಸೀರಿಯಲ್ ಸಂಖ್ಯೆಯನ್ನೂ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಂಡೆ. ಇನ್ನು ಫ್ರೀ ವಿಂಡೋಸ್ ಎಂದರೆ ಕದ್ದ ಪ್ರತಿ. ಕಾಪಿ ಹೊಡೆದವರಿಗೆ ಸೊನ್ನೆ ಹಾಕುವ ನಾನು ಮನೆಯಲ್ಲಿ ಅದನ್ನು ಹೇಗೆ ಇಟ್ಟುಕೊಳ್ಳಲಿ? ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡೆವು, ನ್ಯಾಯವಾಗಿಯೇ ಉಚಿತ. ಪತ್ರ, ಅಂಕಪಟ್ಟಿಗೆ ಲಿಬ್ರೆಆಫೀಸ್ ಇದೆ. ನುಡಿಯಲ್ಲಿ ಅಭ್ಯಾಸವಾಗಿದ್ದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರಲ್ಲೂ ಸಿಗುತ್ತದೆ. ಮಗನಿಗೆ ಸೂಪರ್‌ಟಕ್ಸ್‌ಕಾರ್ಟ್ ಎಂಬ ಓಟದ ಆಟ ಸಿಕ್ಕಿತು. ಅವನು ಬಯಸಿದ್ದು ಅದಲ್ಲ, ಆದರೂ ಅಕ್ಕನ ಸರದಿ ಮುಗಿಯುವುದನ್ನೇ ಕಾಯುತ್ತಾನೆ.

ಈಗ ಲೆಕ್ಕ. ಪ್ರೊಸೆಸರ್ 9,600, ಬೋರ್ಡ್ 5,900, ರ‍್ಯಾಮ್ 3,200, ಎಸ್‌ಎಸ್‌ಡಿ 3,000, ಎಸ್‌ಎಂಪಿಎಸ್ 2,300, ಕ್ಯಾಬಿನೆಟ್ 1,900, 22 ಇಂಚಿನ ಮಾನಿಟರ್ 6,700, ಕೀಲಿಮಣೆ ಮತ್ತು ಮೌಸ್ 900, ಯುಪಿಎಸ್ 3,100. ತೆರಿಗೆ ಸೇರಿ ಒಟ್ಟು 36,600. ಇದು 2025ರ ಮೇ ತಿಂಗಳಲ್ಲಿ ನಮಗೆ ಬಿದ್ದ ಬೆಲೆ. ಅದೇ ವರ್ಷದ ಕೊನೆಯ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಗಗನಕ್ಕೇರಿತು. ಆದ್ದರಿಂದ ನನ್ನ ರೂಪಾಯಿಗಳನ್ನು ನಂಬಬೇಡಿ, ಪ್ರಮಾಣವನ್ನು ನೋಡಿ. ರ‍್ಯಾಮ್ ದುಬಾರಿಯಾಗಿದ್ದರೆ ಮೊದಲು 8 ಜಿಬಿಯ ಒಂದೇ ಪಟ್ಟಿ ಹಾಕಿ, ಇನ್ನೊಂದು ಸ್ಲಾಟನ್ನು ಖಾಲಿ ಬಿಟ್ಟುಕೊಳ್ಳಿ. ಎಸ್‌ಎಂಪಿಎಸ್ ಮತ್ತು ಮಾನಿಟರಿನಲ್ಲಿ ಮಾತ್ರ ಜಿಪುಣತನ ಬೇಡ. ಒಂದು ಯಂತ್ರವನ್ನು ಕಾಯುತ್ತದೆ, ಇನ್ನೊಂದು ಮಕ್ಕಳ ಕಣ್ಣನ್ನು.

ಉಳಿದ 3,400ರಲ್ಲಿ 1,200 ಎಲೆಕ್ಟ್ರಿಷಿಯನ್‌ಗೆ ಹೋಯಿತು. ನಮ್ಮದು ಹಳೆಯ ಮನೆ, ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥಿಂಗ್ ಹೆಸರಿಗಷ್ಟೇ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಯಂತ್ರ ಬರುವ ಮೊದಲೇ ಅದನ್ನು ಸರಿಪಡಿಸಿಕೊಂಡೆವು. ಯುಪಿಎಸ್ ಹತ್ತು ಹದಿನೈದು ನಿಮಿಷ ತಡೆಯುತ್ತದೆ, ಬರೆದದ್ದನ್ನು ಉಳಿಸಿ ಮುಚ್ಚಲು ಅಷ್ಟು ಸಾಕು. ಕೊನೆಗೆ ಉಳಿದ 2,200ಕ್ಕೆ ತಾರಸಿಯ ಮೇಲೆ ಹೊದಿಸಲು ದಪ್ಪ ಟಾರ್ಪಾಲು ತಂದೆವು. ಅದು ಮಳೆಯನ್ನು ಮುಕ್ಕಾಲು ಪಾಲು ತಡೆಯಿತು. ಕಾಲು ಪಾಲು ಬಕೆಟ್ಟಿಗೆ ಬಿತ್ತು.

ಈಗ ನೆರೆಹೊರೆಯವರು, ಶಾಲೆಯ ಮಕ್ಕಳ ಪೋಷಕರು, "ಮಿಸ್, ಯಾವ ಕಂಪ್ಯೂಟರ್ ತಗೊಳ್ಳೋಣ?" ಎಂದು ಕೇಳಿಕೊಂಡು ಬರುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಮನೆಯವರೆಲ್ಲ ಒಂದೊಂದು ಹಾಳೆ ಬರೆದಿರಾ, ಸಾಕೆಟ್ಟಿನ ಅರ್ಥಿಂಗ್ ನೋಡಿಸಿದಿರಾ, ಅಂಗಡಿಗೆ ಮಕ್ಕಳನ್ನು ಕರೆದೊಯ್ಯುತ್ತೀರಾ ಎಂದು ಮೂರು ಪ್ರಶ್ನೆ ಕೇಳುತ್ತೇನೆ. ಮೂರಕ್ಕೂ ಹೌದು ಎಂದವರಿಗೆ ನನ್ನ ಸಲಹೆಯ ಅಗತ್ಯ ಬಿದ್ದದ್ದು ಕಡಿಮೆ. ತಾರಸಿಗೆಂದು ಹೊಸ ಚೀಟಿ ಹಾಕಿದ್ದೇನೆ. ಅದರ ಕಂತಿನ ಪಟ್ಟಿಯನ್ನು ಈ ಬಾರಿ ಮಗಳು ಕಂಪ್ಯೂಟರಿನಲ್ಲೇ ಮಾಡಿಕೊಟ್ಟಿದ್ದಾಳೆ.